ಬೆಂಗಳೂರಿಗೆ ಕಾರೋ, ರೈಲೋ? ಮೊದಲು ಬಿ.ಜಿ. ನಗರಕ್ಕೊಂದು ಬಸ್ಸು ಕೊಡಿ

ನಾಗಮಂಗಲ ಕಡೆಯ ಹಳ್ಳಿಮನೆಗಳಲ್ಲಿ ನಾಳೆ ಬೆಂಗಳೂರಿಗೆ ಹೋಗಬೇಕು ಅಂದರೆ ಇವತ್ತು ರಾತ್ರಿ ಮುದ್ದೆ ಉಣ್ಣುವ ಹೊತ್ತಿಗೆ ಒಂದು ಸಣ್ಣ ಪಂಚಾಯ್ತಿ ಸೇರುತ್ತದೆ. ಯಾವುದರಲ್ಲಿ ಹೋಗುವುದು? ಬೆಳ್ಳೂರು ಕ್ರಾಸಿಗೆ ಹೋಗಿ ಬಸ್ಸು ಹಿಡಿಯುವುದೋ, ಬಿ.ಜಿ. ನಗರದಲ್ಲಿ ರೈಲು ಹತ್ತುವುದೋ, ಪಕ್ಕದ ಬೀದಿಯ ಹುಡುಗನ ಕಾರು ಬಾಡಿಗೆಗೆ ಹೇಳುವುದೋ. ಹೋಗುವುದು ಇಂಟರ್‌ವ್ಯೂಗೆ ಆಗಿರಬಹುದು, ನಾಮಕರಣಕ್ಕೆ ಆಗಿರಬಹುದು, ಆಸ್ಪತ್ರೆಗೂ ಆಗಿರಬಹುದು. ಮಾತು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಹಿರಿಯರೊಬ್ಬರು, "ಸುಮ್ನೆ ಕಾರ್ ಮಾಡ್ಕೊಂಡು ಹೋಗ್ಬುಡಿ ಕನ್ರಪ್ಪಾ, ಅಲ್ಲಿ ಇಲ್ಲಿ ಕಾಯೋ ರಗಳೆ ಯಾಕೆ" ಅನ್ನುತ್ತಾರೆ. ಅಲ್ಲಿಗೆ ಪಂಚಾಯ್ತಿ ಮುಗಿಯಿತು.

ರೈಲು ಸರಿಯಿಲ್ಲ ಅಂತ ಯಾರೂ ಕಾರು ಹತ್ತುತ್ತಿಲ್ಲ. ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿ, ರಾತ್ರಿ ಸ್ಟೇಷನ್ನಿಂದ ಮನೆಗೆ ಬರುವ ದಾರಿ ಗಟ್ಟಿಯಿಲ್ಲ ಅಂತ ಹತ್ತುತ್ತಿದ್ದಾರೆ. ನೂರು ಕಿಲೋಮೀಟರ್ ಹಳಿ ಹಾಕಿದ ಮೇಲೂ ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿನ ಕಾರಣಕ್ಕೆ ನಾವು ಸಾವಿರಾರು ರೂಪಾಯಿ ಸುರಿಯುತ್ತಿದ್ದೇವೆ ಅನ್ನುವುದು ನನ್ನ ತಕರಾರು.

ಆ ಹಳಿ ನಮಗೆ ಸುಲಭಕ್ಕೆ ಸಿಕ್ಕಿದ್ದೂ ಅಲ್ಲ. ಬೆಂಗಳೂರು–ಹಾಸನ ಮಾರ್ಗ ಮಂಜೂರಾಗಿದ್ದು 1996–97ರಲ್ಲಿ, ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ. ಹಾಸನದ ಕಡೆಯಿಂದ ಶ್ರವಣಬೆಳಗೊಳದ ತನಕ ಹಳಿ ಮೊದಲು ಬಂತು. ಆಮೇಲೆ ಅದು ಇತ್ತ ನೆಲಮಂಗಲ ಮುಟ್ಟಲು ವರ್ಷಗಟ್ಟಲೆ ಹಿಡಿಯಿತು. ಕೊನೆಗೆ 2017ರ ಮಾರ್ಚ್‌ನಲ್ಲಿ, ಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಒಂದು ವರ್ಷ ಇರುವಾಗ, ಯಶವಂತಪುರ–ಹಾಸನ ಇಂಟರ್‌ಸಿಟಿ ಓಡಿತು. ಮಂಜೂರಾದ ವರ್ಷ ಹುಟ್ಟಿದ ಮಗು ರೈಲು ಬರುವಷ್ಟರಲ್ಲಿ ಡಿಗ್ರಿ ಓದುತ್ತಿತ್ತು. ಆದಿಚುಂಚನಗಿರಿ ಬೆಟ್ಟದ ಹತ್ತಿರದ ಸ್ಟೇಷನ್ನಿಗೆ ಭೈರವೈಕ್ಯ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿನ ಬಿ.ಜಿ. ನಗರದ್ದೇ ಹೆಸರಾಯಿತು. ಮೆಡಿಕಲ್ ಕಾಲೇಜು ಅಲ್ಲೇ ಇದೆ, ಬೆಳ್ಳೂರು ಕ್ರಾಸ್ ಪಕ್ಕದಲ್ಲೇ ಇದೆ. ನಮ್ಮ ತಾಲ್ಲೂಕಿಗೆ ಇದಕ್ಕಿಂತ ಒಳ್ಳೆಯ ಜಾಗದಲ್ಲಿ ಸ್ಟೇಷನ್ ಸಿಗುತ್ತಿರಲಿಲ್ಲ.

ಈಗ ದುಡ್ಡಿನ ಲೆಕ್ಕ ಹಾಕೋಣ, ಯಾಕೆಂದರೆ "ನಾಲ್ಕು ಜನ ಇದ್ರೆ ಕಾರೇ ಸಸ್ತಾ" ಅನ್ನುವ ಮಾತನ್ನು ನಾನು ದಿನಾ ಕೇಳುತ್ತೇನೆ. ಬೆಟ್ಟದಿಂದ ಬೆಂಗಳೂರಿಗೆ ಸುಮಾರು 110 ಕಿ.ಮೀ. ಹೋಗಿ ಬರಲು 220, ಊರೊಳಗೆ ಸುತ್ತಾಟ 30 ಸೇರಿಸಿ 250. ಲೀಟರಿಗೆ 15 ಕಿ.ಮೀ. ಕೊಡುವ ಹಳೇ ಕಾರು ಅಂದುಕೊಂಡರೆ ಹದಿನಾರು ಹದಿನೇಳು ಲೀಟರ್ ಪೆಟ್ರೋಲು. ಲೀಟರಿಗೆ ನೂರು ದಾಟಿ ಎಷ್ಟೋ ಕಾಲವಾಗಿದೆ, ಅಲ್ಲಿಗೆ 1,700 ರೂಪಾಯಿ. ಹೋಗುವಾಗ ಬರುವಾಗ ಟೋಲು, ಅಲ್ಲಿ ಪಾರ್ಕಿಂಗು. ಸ್ವಂತ ಕಾರಿದ್ದವರಿಗೇ ಎರಡು ಸಾವಿರ ಕೈಬಿಡುತ್ತದೆ. ಬಾಡಿಗೆ ಗಾಡಿಯಾದರೆ ಹೆಚ್ಚುಕಮ್ಮಿ ಇದರ ಎರಡರಷ್ಟು. ರೈಲಿನಲ್ಲಿ ಜನರಲ್ ಟಿಕೆಟ್ ಒಬ್ಬರಿಗೆ ಒಂದು ಕಡೆಗೆ ನೂರು ರೂಪಾಯಿ ಒಳಗೇ. ನಾಲ್ಕು ಜನ ಹೋಗಿ ಬಂದರೂ ಎಂಟುನೂರು ಮುಟ್ಟುವುದಿಲ್ಲ, ಮೆಟ್ರೊ ಚಾರ್ಜು ಬೇರೆ. ನಾಲ್ವರಿದ್ದರೂ ಕಾರು ಸಸ್ತಾ ಅಲ್ಲ ಸ್ವಾಮಿ. ಲೆಕ್ಕ ಹಾಕುವಾಗ ಪೆಟ್ರೋಲು ಒಂದನ್ನೇ ಹಿಡಿದು ಮಿಕ್ಕಿದ್ದನ್ನು ಮರೆತುಬಿಡುತ್ತೇವೆ, ಅಷ್ಟೇ.

ಹೊತ್ತಿನ ಲೆಕ್ಕ ಇನ್ನೂ ಸ್ವಾರಸ್ಯ. ಬೆಳ್ಳೂರು ಕ್ರಾಸಿಂದ ಕುಣಿಗಲ್ ದಾಟಿ ನೆಲಮಂಗಲದ ತನಕ ನಾಲ್ಕು ಪಥದ ರಸ್ತೆ, ಒಂದು ಗಂಟೆ ಚಿಲ್ಲರೆಯಲ್ಲಿ ಹೋಗಿಬಿಡುತ್ತೀರಿ. ಅಲ್ಲಿ ತುಮಕೂರು ರಸ್ತೆ ಸೇರಿಕೊಂಡ ಮೇಲೆ ಶುರು. ನೆಲಮಂಗಲದಿಂದ ಮೆಜೆಸ್ಟಿಕ್‌ಗೆ 30 ಕಿ.ಮೀ. ಕೂಡ ಇಲ್ಲ, ಆದರೆ ಸೋಮವಾರ ಬೆಳಿಗ್ಗೆ ಗೊರಗುಂಟೆಪಾಳ್ಯ ದಾಟಿದವರನ್ನು ಕೇಳಿ ನೋಡಿ. ಅದರ ಮೇಲೆ ಪೀಣ್ಯ ಮೇಲ್ಸೇತುವೆಯ ಕತೆ ನಿಮಗೆ ನೆನಪಿರಬೇಕು. 2021ರ ಡಿಸೆಂಬರಿನಲ್ಲಿ ಕೇಬಲ್ ದೋಷ ಸಿಕ್ಕಿ ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಸಣ್ಣ ಗಾಡಿಗಳಿಗೆ ಬಿಟ್ಟರು. ಲಾರಿ ಬಸ್ಸುಗಳು ಮತ್ತೆ ಹತ್ತಿದ್ದು 2024ರ ಜುಲೈನಲ್ಲಿ. ಎರಡೂವರೆ ವರ್ಷ ನಮ್ಮ ಕಡೆಯ ಬಸ್ಸುಗಳೆಲ್ಲ ಕೆಳಗಿನ ರಸ್ತೆಯಲ್ಲಿ ತೆವಳಿದವು. 2022ರಲ್ಲಿ ಟಾಮ್‌ಟಾಮ್ ಕಂಪನಿ ಲೆಕ್ಕ ಹಾಕಿದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಎತ್ತಿನಗಾಡಿ ಅಂತ ಹಂಗಿಸುವುದು ಬೇಡ, ಆದರೆ ನಮ್ಮೂರಲ್ಲಿ ಹಳೇ ಲೂನಾ ಇದಕ್ಕಿಂತ ಜೋರಾಗಿ ಹೋಗುತ್ತದೆ.

ರೈಲು ಯಶವಂತಪುರಕ್ಕೇ ನಿಲ್ಲುತ್ತದೆ, ಮೆಜೆಸ್ಟಿಕ್‌ಗೆ ಹೋಗುವುದಿಲ್ಲ ಅನ್ನುವುದು ಮೊದಲಿಂದ ಇದ್ದ ಗೊಣಗಾಟ. ಆಗ ಅದು ಸರಿ. ಈಗ ಅಲ್ಲ. ಸ್ಟೇಷನ್ನಿನ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ಇದೆ. ವಿಕ್ಟೋರಿಯಾ ಆಸ್ಪತ್ರೆಗೆ ಹೋಗುವವರು ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಆಸ್ಪತ್ರೆ ನಡೆಯುವಷ್ಟು ದೂರ. ವಿಧಾನಸೌಧ, ಹೈಕೋರ್ಟ್ ಕಡೆ ಕೆಲಸವಿದ್ದವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿಯಬಹುದು. ಇನ್ನು ನಮ್ಮ ಕಡೆಯವರು ಸದಾ ಹೋಗುವ ಜಯದೇವ ಹೃದ್ರೋಗ ಆಸ್ಪತ್ರೆ. 2025ರ ಆಗಸ್ಟ್ 10ಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಅದರ ಹೆಸರಿನದ್ದೇ ನಿಲ್ದಾಣ ಇದೆ. ಯಶವಂತಪುರದಲ್ಲಿ ಹತ್ತಿ, ಆರ್.ವಿ. ರಸ್ತೆ ನಿಲ್ದಾಣದಲ್ಲಿ ಬದಲಾಯಿಸಿದರೆ ಮುಗಿಯಿತು. ಹಳ್ಳಿಯವರಿಗೆ ಮೆಟ್ರೊ ಗೊತ್ತಾಗುವುದಿಲ್ಲ ಅನ್ನುವವರು ನಮ್ಮ ಹೆಂಗಸರು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂ ಹುಡುಕುವುದನ್ನು ನೋಡಿಲ್ಲ. ಅದನ್ನು ಕಲಿತವರಿಗೆ ಮೆಟ್ರೊ ಏನೇನೂ ಅಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದ್ದು ಮಾತ್ರ ಜೇಬಿಗೆ ಬಿಸಿ. ಆದರೂ ಆಟೋದವನ ಜೊತೆ ಚೌಕಾಸಿ ಮಾಡುವುದಕ್ಕಿಂತ ವಾಸಿ.

ಹಾಗಿದ್ದರೆ ರೈಲು ಸೋಲುವುದು ಎಲ್ಲಿ? ಬೆಂಗಳೂರಲ್ಲಿ ಅಲ್ಲ, ನಮ್ಮೂರಲ್ಲಿ.

ಇಂಟರ್‌ಸಿಟಿ ಬೆಳಿಗ್ಗೆ ಹಾಸನದಿಂದ ಹೊರಟು ಬೆಂಗಳೂರಿಗೆ ಹೋಗುತ್ತದೆ, ಸಂಜೆ ಆರರ ಮೇಲೆ ಯಶವಂತಪುರ ಬಿಟ್ಟು ವಾಪಸ್ ಬರುತ್ತದೆ. ಒಂದು ದಿನದ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು. ಆದರೆ ನಾಗಮಂಗಲ ಪಟ್ಟಣದಿಂದ ಬಿ.ಜಿ. ನಗರ ಸುಮಾರು 20 ಕಿ.ಮೀ. ಒಳಹಳ್ಳಿಗಳಿಂದ ಇನ್ನೂ ಜಾಸ್ತಿ. ನಮ್ಮಂಥ ಹಳ್ಳಿಗಳಿಗೆ ಮೊದಲ ಬಸ್ಸು ಬರುವಷ್ಟರಲ್ಲಿ ಬೆಳಗಿನ ರೈಲು ಕುಣಿಗಲ್ ಮುಟ್ಟಿರುತ್ತದೆ. ಮಗನೋ ಮೈದುನನೋ ಬೈಕಿನಲ್ಲಿ ಬಿಟ್ಟು ಬರಬೇಕು. ರಾತ್ರಿ ಮತ್ತೆ ಅವನೇ ಕರೆತರಲು ಬರಬೇಕು. ಮನೆಯಲ್ಲಿ ಗಂಡುಮಕ್ಕಳು ಬೆಂಗಳೂರಲ್ಲೇ ಇದ್ದು, ಊರಲ್ಲಿ ಇಬ್ಬರು ವಯಸ್ಸಾದವರು ಮಾತ್ರ ಉಳಿದಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಅವರನ್ನು ಬೈಕಿನಲ್ಲಿ ಬಿಡುವವರು ಯಾರು? ರಾತ್ರಿ ಸ್ಟೇಷನ್ನಿನಲ್ಲಿ ಇಳಿದ ಕಾಲೇಜು ಹುಡುಗಿ ಕತ್ತಲಲ್ಲಿ ಊರು ಸೇರುವುದು ಹೇಗೆ? ಅಪ್ಪ ಅಮ್ಮ "ಬೇಡ, ಪಿ.ಜಿ.ಯಲ್ಲೇ ಇರು" ಅನ್ನುತ್ತಾರೆ. ಪಾಸು ಮಾಡಿಸಿಕೊಂಡು ಓಡಾಡಬಹುದಾಗಿದ್ದ ಹುಡುಗಿ ತಿಂಗಳಿಗೆ ಏಳೆಂಟು ಸಾವಿರ ಪಿ.ಜಿ.ಗೆ ಕಟ್ಟುತ್ತಾಳೆ, ಇಲ್ಲವಾದರೆ ಕೆಲಸವನ್ನೇ ಬಿಡುತ್ತಾಳೆ. ರೈಲ್ವೆ ಮಾಸಿಕ ಪಾಸು 150 ಕಿ.ಮೀ. ತನಕ ಸಿಗುತ್ತದೆ, ನಮ್ಮ ದೂರ ಅದರೊಳಗೇ ಇದೆ. ಪಾಸಿನ ಸೌಲಭ್ಯ ಇದ್ದೂ ಬಳಸಲು ಆಗದೆ ಇರುವುದು ಇದೊಂದೇ ಕಾರಣಕ್ಕೆ.

ಬಸ್ಸಿನ ವಿಚಾರವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆ. ಅದೇ ಹೊತ್ತಿಗೆ ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು ಮತ್ತೆ ಬಂದಿಲ್ಲ. ಹಾಗಾಗಿ 65 ವರ್ಷದ ಅಜ್ಜಿಗೆ ಬಸ್ಸು ಸೊನ್ನೆ, ರೈಲಿಗೆ ಪೂರ್ತಿ ದುಡ್ಡು. ಅಜ್ಜಿ ಬಸ್ಸೇ ಹತ್ತುತ್ತಾಳೆ, ಹತ್ತಲಿ. ಆದರೆ ಸಕ್ಕರೆ ಕಾಯಿಲೆಯವರಿಗೆ ರೈಲಿನ ಶೌಚಾಲಯ ಎಷ್ಟು ದೊಡ್ಡ ವಿಷಯ ಅನ್ನುವುದು ಮೂರು ಗಂಟೆ ಬಸ್ಸಿನಲ್ಲಿ ಬಿಗಿಹಿಡಿದು ಕೂತವರಿಗೇ ಗೊತ್ತು. ಕ್ಯಾನ್ಸರ್ ರೋಗಿಗಳಿಗೆ ಮತ್ತು ಹೃದಯ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ರೈಲಿನಲ್ಲಿ ಈಗಲೂ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಇದನ್ನು ಊರಲ್ಲಿ ಹೇಳಿದಾಗ "ಹೌದಾ?" ಅಂದವರೇ ಹೆಚ್ಚು.

ಜಿಲ್ಲೆಯ ಇನ್ನೊಂದು ಮಗ್ಗುಲಿಗೆ ಬಂದರೆ ಚಿತ್ರವೇ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ 1880ರ ದಶಕದಿಂದ ರೈಲಿದೆ. ಮೈಸೂರು–ಬೆಂಗಳೂರು ಜೋಡಿ ಹಳಿಗೆ ಅಡ್ಡ ಬಂದಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡೀಗೆ ಇಡೀ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ರೈಲಿಗಾಗಿ ಇನ್ನೂರು ವರ್ಷದ ಕಟ್ಟಡವನ್ನೇ ಜರುಗಿಸಿದ ಜಿಲ್ಲೆ ನಮ್ಮದು. ಆ ಮಾರ್ಗದಲ್ಲಿ ದಿನಾ ಪಾಸಿನವರು ಓಡಾಡುತ್ತಾರೆ, ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಇಸ್ಪೀಟು, ಸೊಪ್ಪು ಬಿಡಿಸುವುದು, ರಾಜಕೀಯ ಎಲ್ಲ ನಡೆಯುತ್ತದೆ. ಅಲ್ಲೂ ಪಾಂಡವಪುರ ಪಟ್ಟಣಕ್ಕೂ ಸ್ಟೇಷನ್ನಿಗೂ ನಡುವೆ ಸುಮಾರು ದೂರವಿದೆ, ಆದರೆ ಸಕ್ಕರೆ ಕಾರ್ಖಾನೆ ಇರುವ ಕಡೆ ಆದ್ದರಿಂದ ಬಸ್ಸು ಆಟೋ ಓಡಾಟಕ್ಕೆ ಕೊರತೆಯಿಲ್ಲ. ಓಡಾಟ ಇದ್ದಲ್ಲಿ ಜನ ರೈಲು ಹತ್ತುತ್ತಾರೆ.

ಕೆ.ಆರ್. ಪೇಟೆಯವರದ್ದು ನಮಗಿಂತ ಕಷ್ಟ. ಪಟ್ಟಣದಲ್ಲಿ ಹಳಿಯೇ ಇಲ್ಲ. ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆ ಸ್ಟೇಷನ್ನುಗಳು ಮೈಸೂರು–ಹಾಸನ ಮಾರ್ಗದಲ್ಲಿವೆ. ಬೆಂಗಳೂರಿಗೆ ಅದು ಸುತ್ತು. ಕಿಕ್ಕೇರಿ ಕಡೆಯವರಿಗೆ ಶ್ರವಣಬೆಳಗೊಳ ಸ್ಟೇಷನ್ ಹತ್ತಿರ, ಆದರೆ ಅದು ಬೇರೆ ಜಿಲ್ಲೆ, ಹಾಗಾಗಿ ಅಲ್ಲಿಗೊಂದು ಬಸ್ಸು ಕೇಳಬೇಕು ಅಂತ ಯಾರ ತಲೆಗೂ ಹೊಳೆಯುವುದಿಲ್ಲ.

ಎಕ್ಸ್‌ಪ್ರೆಸ್‌ವೇ ಬಂದಿದೆಯಲ್ಲ ಅಂತ ಕೇಳಬಹುದು. 2023ರ ಮಾರ್ಚ್ 12ಕ್ಕೆ ನಮ್ಮ ಜಿಲ್ಲೆಯಲ್ಲೇ ಪ್ರಧಾನಿ ಉದ್ಘಾಟಿಸಿದರು. ಅದೇ ವರ್ಷ ಜುಲೈನಿಂದ ಗಣಂಗೂರಿನಲ್ಲೂ ಟೋಲು ಶುರುವಾಗಿ, ಕಾರಿಗೆ ಒಂದು ಕಡೆಗೆ 165 ಮತ್ತು 155, ಒಟ್ಟು 320 ರೂಪಾಯಿ ಆಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್. ಅಪಘಾತ ನೋಡಿದರೆ ಬೈಕು ನಿಲ್ಲಿಸಿದ್ದು ಸರಿಯೇ ಅನ್ನಬೇಕು. ಆದರೆ ಬೈಕು ಬಿಟ್ಟರೆ ಬೇರೆ ಗಾಡಿ ಇಲ್ಲದ ರೈತನಿಗೆ ಆ ರಸ್ತೆ ಕೊಟ್ಟಿದ್ದು ದಾಟಲು ಬಳಸು ದಾರಿ ಮಾತ್ರ. ಕಾರಿನಲ್ಲಿ ಹೋದವರೂ ಕೆಂಗೇರಿ ತನಕ ಹಾರಿ, ಅಲ್ಲಿಂದ ಊರೊಳಗೆ ಉಳಿಸಿದ ಹೊತ್ತನ್ನೆಲ್ಲ ಸಿಗ್ನಲ್ಲಿಗೆ ಕೊಡುತ್ತಾರೆ.

ಕಾರು ಬೇಡವೇ ಬೇಡ ಅನ್ನುವ ಪೈಕಿ ನಾನಲ್ಲ. ಆಪರೇಷನ್ ಆದವರನ್ನು ಡಿಸ್ಚಾರ್ಜ್ ಮಾಡಿಸಿ ಕರೆತರುವಾಗ, ಮೆಟ್ಟಿಲು ಹತ್ತಲಾರದವರಿದ್ದಾಗ, ಹೆರಿಗೆಯಾದ ಮಗಳನ್ನು ಕೂಸಿನ ಸಮೇತ ತವರಿಗೆ ಕರೆತರುವಾಗ ಕಾರೇ ಸರಿ. ಕಾರು ತೆಗೆದುಕೊಂಡೇ ಹೋಗಬೇಕಾದರೆ ಗೊರಗುಂಟೆಪಾಳ್ಯದ ತನಕ ಹೋಗಿ ಸಿಕ್ಕಿಕೊಳ್ಳಬೇಡಿ. 2024ರ ನವೆಂಬರಿನಿಂದ ಹಸಿರು ಮೆಟ್ರೊ ಮಾದಾವರದ ತನಕ ಬಂದಿದೆ. ಅಲ್ಲೋ ನಾಗಸಂದ್ರದಲ್ಲೋ ಪಾರ್ಕಿಂಗ್ ನೋಡಿಕೊಂಡು ಗಾಡಿ ಬಿಟ್ಟು ಮೆಟ್ರೊ ಹತ್ತಿ. ಭಾನುವಾರ ಸಂಜೆ, ಬೆಟ್ಟಕ್ಕೆ ಅಮಾವಾಸ್ಯೆ ಪೂಜೆಗೆ ಬಂದ ಬೆಂಗಳೂರಿನ ಕಾರುಗಳು ವಾಪಸ್ ಹೋಗುವ ಹೊತ್ತಿಗೆ ಮಾತ್ರ ಹೊರಡಬೇಡಿ.

ಒಬ್ಬರೋ ಇಬ್ಬರೋ, ನಡೆಯಬಲ್ಲವರು, ಹಗಲಿನ ಕೆಲಸ ಅಂದರೆ ರೈಲೇ ಸರಿ. ಅದಕ್ಕೆ ಬೇಕಿರುವುದು ಹೊಸ ಹಳಿಯಲ್ಲ, ಸಾವಿರ ಕೋಟಿಯೂ ಅಲ್ಲ. ಬೆಳಗಿನ ರೈಲಿಗೆ ಅರ್ಧ ಗಂಟೆ ಮುಂಚೆ ಸ್ಟೇಷನ್ ಮುಟ್ಟುವಂತೆ ನಾಗಮಂಗಲದಿಂದ ಒಂದು ಬಸ್ಸು. ರಾತ್ರಿ ರೈಲು ಬರುವ ತನಕ ಕಾದು, ಬೆಳ್ಳೂರು ಮೇಲೆ ನಾಗಮಂಗಲಕ್ಕೆ ಹೋಗುವ ಅದೇ ಬಸ್ಸು. ರೈಲು ತಡವಾದರೆ ಬಸ್ಸೂ ತಡವಾಗಬೇಕು. ಸಿಂಗಲ್ ಲೈನ್ ಆದ್ದರಿಂದ ಕ್ರಾಸಿಂಗಿಗೆ ನಿಂತು ರೈಲು ತಡವಾಗುವುದು ಇದ್ದೇ ಇದೆ. ಬೈಕು ಬಿಟ್ಟು ಹೋಗಲು ತಗಡಿನ ಶೆಡ್ಡು, ದೀಪ, ಕಾಯುವವನೊಬ್ಬ. ಕಿಕ್ಕೇರಿಯಿಂದ ಶ್ರವಣಬೆಳಗೊಳಕ್ಕೂ ಇಂಥದ್ದೇ ಒಂದು ಬಸ್ಸು. ರೈಲು ದಿಲ್ಲಿಯದು, ಬಸ್ಸು ಬೆಂಗಳೂರಿನದು, ಇಬ್ಬರ ಟೈಂಟೇಬಲ್ಲು ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಕೆಲಸ ತಾನಾಗಿ ಯಾರೂ ಮಾಡುವುದಿಲ್ಲ. ಕೇಳಿದರೆ ಮಾಡಬಹುದು.

ಕೇಳಲು ಜಾಗ ಗ್ರಾಮಸಭೆ. ಬೀದಿದೀಪ, ಚರಂಡಿ ಆದ ಮೇಲೆ ಇದನ್ನೂ ಎತ್ತಿ. ಎಷ್ಟು ಮನೆಯವರು ತಿಂಗಳಿಗೆ ಎಷ್ಟು ಸಲ ಬೆಂಗಳೂರಿಗೆ ಹೋಗುತ್ತಾರೆ ಅಂತ ಊರಿಗೊಂದು ಪಟ್ಟಿ ಮಾಡಿ, ನಡಾವಳಿಯಲ್ಲಿ ಬರೆಸಿ, ಪ್ರತಿ ಕೇಳಿ ಇಸಿದುಕೊಳ್ಳಿ. ಒಂದು ಪ್ರತಿ ಬಸ್ ಡಿಪೋಗೆ, ಒಂದು ಶಾಸಕರಿಗೆ, ಒಂದು ಸಂಸದರಿಗೆ. ಇನ್ನೊಂದು ಪ್ರತಿ ನನಗೆ ಕಳಿಸಿ, ಸುದ್ದಿ ಮಾಡುವುದು ನನ್ನ ಕೆಲಸ.