ಮೂತ್ರ ಹಳದಿಯಾದರೆ ವಿಟಮಿನ್ ಸಾಕಷ್ಟಿದೆಯೆಂದೇ?

ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಮೂತ್ರ ಕಡು ಹಳದಿಯಾಗುವುದನ್ನು ಹೆಚ್ಚಿನವರು ಕಂಡಿರುತ್ತೀರಿ. ಕೆಲವರು ಕಾಮಾಲೆಯೆಂದು ಹೆದರುತ್ತಾರೆ. ಇನ್ನು ಕೆಲವರು, ಮೈಯಲ್ಲಿ ವಿಟಮಿನ್ ತುಂಬಿ ಚೆಲ್ಲುತ್ತಿದೆ ಎಂದು ಸಮಾಧಾನಪಡುತ್ತಾರೆ. ಆ ಬಣ್ಣ ಬಿ-2, ಅಂದರೆ ರೈಬೋಫ್ಲೇವಿನ್‌ನದು, ಹೆದರಬೇಕಾಗಿಲ್ಲ. (ಮಾತ್ರೆ ತಿನ್ನದೆಯೂ ಮೂತ್ರದ ಜೊತೆ ಕಣ್ಣೂ ಹಳದಿಯಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು.) ಆದರೆ ಎರಡನೆಯವರ ಸಮಾಧಾನವನ್ನು ಸ್ವಲ್ಪ ಪರೀಕ್ಷಿಸಬೇಕಾಗಿದೆ. ಅದಕ್ಕೆ ಇಲಿಗಳ ಕಥೆ ಕೇಳಬೇಕು.

ರೈಬೋಫ್ಲೇವಿನನ್ನು 1933ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬೇರ್ಪಡಿಸಿದಾಗಲೇ ಇಲಿಗಳ ಬೆಳವಣಿಗೆಯನ್ನು ಅಳೆದು ಅದರ ಗುಣವನ್ನು ಖಚಿತಪಡಿಸಿಕೊಳ್ಳಲಾಗಿತ್ತು. ನಮ್ಮ ದೇಹದಲ್ಲಿ ಈ ವಿಟಮಿನ್ ಬಹುಪಾಲು ಪ್ರೊಟೀನಿಗೆ ಅಂಟಿಕೊಂಡೇ ಇರುತ್ತದೆ. ಪ್ರೊಟೀನ್ ಕರಗಿದರೆ ಅದೂ ಕಳಚಿಕೊಂಡು ಮೂತ್ರದಲ್ಲಿ ಹೊರಟುಹೋಗುತ್ತದೆ. ಇಲಿಗಳಿಗೆ ಪ್ರೊಟೀನ್ ಕಡಿಮೆಯಿರುವ ಆಹಾರ ಕೊಟ್ಟಾಗ ಮೂತ್ರದಲ್ಲಿ ರೈಬೋಫ್ಲೇವಿನ್ ಹೆಚ್ಚುವುದನ್ನು 1940ರ ದಶಕದಲ್ಲಿಯೇ ಗಮನಿಸಲಾಗಿತ್ತು. ಆಹಾರ ಬಡವಾಯಿತು, ಆದರೆ ಹೊರಹೋಗುವ ವಿಟಮಿನ್ ಹೆಚ್ಚಾಯಿತು!

ಇಲ್ಲಿ ಅಡ್ರಿನಲ್ ಗ್ರಂಥಿಗಳ ಪಾತ್ರವೂ ಇದೆ. ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಕುಳಿತಿರುವ ಪುಟ್ಟ ಗ್ರಂಥಿಗಳಿವು. ಜ್ವರ, ಗಾಯ, ಉಪವಾಸ, ಮಾನಸಿಕ ಒತ್ತಡ ಯಾವುದೇ ಬರಲಿ, ಇವುಗಳ ಹಾರ್ಮೋನು ಸ್ನಾಯುವಿನ ಪ್ರೊಟೀನನ್ನು ಒಡೆದು ಯಕೃತ್ತಿನಲ್ಲಿ ಸಕ್ಕರೆಯಾಗಿಸಲು ನೆರವಾಗುತ್ತದೆ. ಮನುಷ್ಯರಲ್ಲಿ ಅದು ಮುಖ್ಯವಾಗಿ ಕಾರ್ಟಿಸೋಲ್, ಇಲಿಗಳಲ್ಲಿ ಕಾರ್ಟಿಕೋಸ್ಟಿರೋನ್.

ಹಾಗಾದರೆ ಗ್ರಂಥಿಯನ್ನು ತೆಗೆದು ನೋಡಿದರಾಯಿತಲ್ಲ ಎನ್ನಬಹುದು. ಅದು ಅಷ್ಟು ಸುಲಭವಲ್ಲ. ಗ್ರಂಥಿ ಕಳೆದುಕೊಂಡ ಇಲಿಯ ಮೂತ್ರದಲ್ಲಿ ಉಪ್ಪು ಸೋರಿಹೋಗುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ಕರ್ಟ್ ರಿಕ್ಟರ್ 1936ರಲ್ಲಿ ತೋರಿಸಿದಂತೆ, ಅಂಥ ಇಲಿಗಳ ಮುಂದೆ ಸಾದಾ ನೀರನ್ನೂ ಉಪ್ಪುನೀರನ್ನೂ ಇಟ್ಟರೆ ಅವು ಉಪ್ಪುನೀರನ್ನೇ ಹೆಚ್ಚು ಕುಡಿದು ಜೀವ ಉಳಿಸಿಕೊಳ್ಳುತ್ತವೆ. ಯಾರು ಕಲಿಸಿಕೊಟ್ಟರು ಅವಕ್ಕೆ! ಜೊತೆಗೆ ಅವುಗಳ ಹಸಿವೂ ಕುಗ್ಗುತ್ತದೆ. ಮೂತ್ರದ ವಿಟಮಿನ್‌ನಲ್ಲಿ ವ್ಯತ್ಯಾಸ ಕಂಡರೆ ಅದು ಗ್ರಂಥಿಯಿಲ್ಲದ್ದರಿಂದಲೋ, ತಿನ್ನದ್ದರಿಂದಲೋ? ಇದನ್ನು ತಿಳಿಯಲು ಆರೋಗ್ಯವಂತ ಇಲಿಗಳ ಇನ್ನೊಂದು ಗುಂಪಿಗೂ ಅಷ್ಟೇ ತೂಕದ ಆಹಾರ ಕೊಟ್ಟು ಹೋಲಿಸಬೇಕಾಗುತ್ತದೆ. ಇಲಿಗಳು ತಮ್ಮ ಹಿಕ್ಕೆಯನ್ನೂ ತಿನ್ನುತ್ತವೆ, ಅದರಲ್ಲಿ ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ಬಿ ವಿಟಮಿನ್‌ಗಳಿರುತ್ತವೆ. ಆದ್ದರಿಂದ ಪಂಜರಕ್ಕೆ ತಂತಿಬಲೆಯ ತಳ ಹಾಕುತ್ತಾರೆ. ‘ಇಲಿಗಳಲ್ಲಿ ಸಾಬೀತಾಗಿದೆ’ ಎಂಬ ಒಂದು ಸಾಲಿನ ಸುದ್ದಿ ಓದುವಾಗ ಇಷ್ಟನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮನುಷ್ಯರಲ್ಲಿಯೂ ಪ್ರೊಟೀನ್ ಕರಗುವ ಸ್ಥಿತಿಯಲ್ಲಿ ಹೀಗೆಯೇ ರೈಬೋಫ್ಲೇವಿನ್ ಹೊರಹೋಗುತ್ತದೆ. ಆದ್ದರಿಂದ ಮೂತ್ರವನ್ನು ಮಾತ್ರ ನೋಡಿ ಕೊರತೆಯಿಲ್ಲವೆನ್ನಲಾಗದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿ ಮಹ್ತಾಬ್ ಬಾಮ್ಜಿಯವರು ಕೆಂಪು ರಕ್ತಕಣದ ಒಂದು ಕಿಣ್ವದಿಂದ ಇದನ್ನು ತಿಳಿಯುವ ಬಗ್ಗೆ 1969ರಲ್ಲಿಯೇ ಬರೆದಿದ್ದರು. ನಮ್ಮ ದೇಶದ ಓರ್ವ ಮಹಿಳೆಯ ಈ ಕೆಲಸ ನಮ್ಮ ಹೆಣ್ಣುಮಕ್ಕಳಿಗೆ ತಿಳಿದಿರಬೇಕು.

ತೂಕ ಇಳಿಸಲೆಂದು ಊಟ ಬಿಟ್ಟು ಬರೀ ಮಾತ್ರೆ ನುಂಗುವ ಹುಡುಗಿಯರು, ದೀರ್ಘ ಜ್ವರದಿಂದ ಎದ್ದವರು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ತಾಯಂದಿರು - ಇವರ ಬಾಯಿಯ ಮೂಲೆ ಒಡೆದು ನಾಲಿಗೆ ಕೆಂಪಾಗಿ ಉರಿಯುತ್ತಿದ್ದರೆ ಬಿ-2ರ ಕೊರತೆಯೂ ಕಾರಣವಾಗಿರಬಹುದು. ಹಾಲು, ಮೊಸರು, ಮೊಟ್ಟೆ, ಯಕೃತ್ತು, ಹಸಿರು ಸೊಪ್ಪುಗಳಲ್ಲಿ ಅದು ಸಿಗುತ್ತದೆ. ಬೆಳಕಿಗೆ ಅದು ಬೇಗ ಹಾಳಾಗುವುದರಿಂದ ಹಾಲನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಇನ್ನೊಂದು ಮಾತು: ಉಬ್ಬಸಕ್ಕೋ ಗಂಟುನೋವಿಗೋ ಬಹುಕಾಲದಿಂದ ಸ್ಟಿರಾಯ್ಡ್ ಮಾತ್ರೆ ತಿನ್ನುತ್ತಿರುವವರು ಅದನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಅವರ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿರುತ್ತವೆ, ಎಚ್ಚರಗೊಳ್ಳಲು ಸಮಯ ಬೇಕು. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿಯೇ ಕಡಿಮೆ ಮಾಡಬೇಕು.