ಪಾಠ ಹೇಳುವುದೆಂದರೆ

ಮೊನ್ನೆ ನೆಂಟರೊಬ್ಬರ ಮನೆಯ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದೆ. ಪಕ್ಕದ ಎಲೆಯಲ್ಲಿದ್ದ ಹಿರಿಯರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಉದ್ಯೋಗವೇನೆಂದು ವಿಚಾರಿಸಿ, ವಾರಕ್ಕೆ ಎಷ್ಟು ಗಂಟೆ ಪಾಠವೆಂದು ಕೇಳಿದರು. 16 ಗಂಟೆ ಎಂದೆ. ಅವರ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತಿತು. “ದಿನಕ್ಕೆ ಮೂರು ಗಂಟೆಯೂ ಆಗಲಿಲ್ಲವಲ್ಲಪ್ಪ! ಅದೂ ಕನ್ನಡ. ನಮ್ಮ ಮಾತನ್ನು ನಮ್ಮ ಮಕ್ಕಳಿಗೇ ಹೇಳುವುದು. ಪುಣ್ಯವಂತ ನೀನು” ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಸಂತೋಷದಿಂದಲೇ ಹೇಳಿದರು. ನಾನೂ ನಕ್ಕು ಸುಮ್ಮನಾದೆ. ಹೇಳಲು ಏನೂ ಇರಲಿಲ್ಲವೆಂದಲ್ಲ. ಸಾರು ಬಡಿಸಿ ಹುಳಿ ಬರುವಷ್ಟರಲ್ಲಿ ಹೇಳಿ ಮುಗಿಸುವಂಥದು ಅದಾಗಿರಲಿಲ್ಲ.

ಗಂಟೆಯ ಲೆಕ್ಕದಲ್ಲಿ ಆ ಹಿರಿಯರ ತಪ್ಪೇನೂ ಇಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯೂ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆಯ ಬೋಧನೆಯನ್ನೇ ವಿಧಿಸಿದೆ. ಒಟ್ಟು ಕೆಲಸ 40 ಗಂಟೆಗೆ ಕಡಮೆಯಾಗಬಾರದೆಂದೂ ಹೇಳಿದೆ. ಉಳಿದ ಗಂಟೆಗಳಲ್ಲಿ ನಾವು ಮಾಡುವ ಬೇರೆ ಬೇರೆ ಕೆಲಸಗಳ ಪಟ್ಟಿಯನ್ನು ಒಪ್ಪಿಸಿ ಓದುಗರ ಕನಿಕರವನ್ನು ಬೇಡುವುದು ನನ್ನ ಉದ್ದೇಶವಲ್ಲ. ಕಷ್ಟವಿರುವುದು ಆ ಹದಿನಾರರಲ್ಲಿಯೇ. ಹೊರಗಿನಿಂದ ನೋಡುವವರಿಗೆ ಅಲ್ಲಿ ಕಾಣುವುದು ಮಾತು ಮಾತ್ರ. ಒಬ್ಬ ನಿಂತು ಹೇಳುತ್ತಾನೆ, ಹಲವರು ಕುಳಿತು ಕೇಳುತ್ತಾರೆ. ಇದು ಎಲ್ಲರಿಗೂ ಪರಿಚಿತವಾದ ದೃಶ್ಯ. ಆ ಪರಿಚಯವೇ ತೊಡಕಾಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ಉಪಾಧ್ಯಾಯ ವೃತ್ತಿಯನ್ನು ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಚೆನ್ನಾಗಿ ಗುರುತಿಸಿದ್ದಾನೆ. ವೈದ್ಯನ ಕೆಲಸವನ್ನಾಗಲಿ ವಕೀಲನ ಕೆಲಸವನ್ನಾಗಲಿ ನಾವು ಆಗೊಮ್ಮೆ ಈಗೊಮ್ಮೆ ನೋಡುತ್ತೇವೆ. ಉಪಾಧ್ಯಾಯನ ಕೆಲಸವನ್ನಾದರೋ ಎಳವೆಯಿಂದ ಸಾವಿರಾರು ಗಂಟೆ ಎದುರು ಕುಳಿತು ನೋಡಿರುತ್ತೇವೆ. ಆದಕಾರಣ ಅದು ನಮಗೆ ಗೊತ್ತೆಂದು ಭಾವಿಸುತ್ತೇವೆ. ಬೆಂಚಿನ ಮೇಲಿನಿಂದ ನೋಡಿದ್ದೆಂಬುದನ್ನು ಮಾತ್ರ ಮರೆಯುತ್ತೇವೆ.

ನಾನೂ ಹಾಗೆಯೇ ಭಾವಿಸಿದ್ದೆ. ಎಂ.ಎ. ತರಗತಿಯಲ್ಲಿ ನಮಗೆ ಛಂದಸ್ಸನ್ನೂ ಗ್ರಂಥಸಂಪಾದನೆಯನ್ನೂ ಕಾವ್ಯಮೀಮಾಂಸೆಯನ್ನೂ ಕಲಿಸಿದರು. ಇವನ್ನೆಲ್ಲ ಹದಿನೆಂಟು ವರ್ಷದ ಒಬ್ಬ ಹುಡುಗನ ತಲೆಗೆ ಹತ್ತಿಸುವ ಬಗೆ ಹೇಗೆಂಬುದಕ್ಕೆ ಒಂದು ಪತ್ರಿಕೆಯೂ ಇರಲಿಲ್ಲ. ಪ್ರೌಢಶಾಲೆಯಲ್ಲಿ ಪಾಠ ಹೇಳಬೇಕಾದರೆ ಬಿ.ಎಡ್. ಆಗಿರಬೇಕು; ಕಾಲೇಜಿನಲ್ಲಿ ಹೇಳಲು ಎಂ.ಎ.ಯೂ ಅದರ ಮೇಲೊಂದು ಅರ್ಹತಾ ಪರೀಕ್ಷೆಯೂ ಸಾಕು. ವಿಷಯವನ್ನು ಬಲ್ಲವನಿಗೆ ಹೇಳುವ ಬಗೆ ತಾನಾಗಿಯೇ ಬರುತ್ತದೆಂಬ ನಂಬಿಕೆ ನಮ್ಮ ವ್ಯವಸ್ಥೆಯಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಗಂಟೆಯ ಪಾಠವನ್ನೇ ಉದಾಹರಣೆಯಾಗಿ ನೋಡೋಣ. ನಾನು ಇರುವುದು ಕೋಲಾರ ಸೀಮೆಯ ಒಂದು ಊರಿನಲ್ಲಿ. ಬಿ.ಕಾಂ. ತರಗತಿ, ಎಂಬತ್ತು ಜನ. ಹಾಜರಿ ಹಿಡಿಯುವುದರಲ್ಲಿಯೇ ಐದು ನಿಮಿಷ ಕಳೆಯುತ್ತದೆ. ಅಂದಿನ ಪಾಠ ಹಳಗನ್ನಡದ ಕಾವ್ಯಭಾಗ. ಅದರಲ್ಲಿ ‘ಪಾಲ್’ ಎಂಬ ಮಾತು ಬಂದಿತು. ಹಾಲು ಎಂದು ಅರ್ಥ ಹೇಳಿ ಮುಂದೆ ಹೋಗಬಹುದಾಗಿತ್ತು. ಬಹಳ ವರ್ಷ ಹಾಗೆಯೇ ಹೋಗಿದ್ದೆ. ಆದರೆ ಇಂದಿನ ಕನ್ನಡದಲ್ಲಿ ‘ಪಾಲು’ ಎಂದರೆ ಹಂಚಿಕೆಯ ಭಾಗ. ಲೆಕ್ಕಪತ್ರ ಓದುವ ಹುಡುಗರ ಮನಸ್ಸು ಆ ಮಾತನ್ನು ಕಂಡೊಡನೆ ಪಾಲುದಾರಿಕೆಯ ಕಡೆಗೆ ಓಡುತ್ತದೆ. ಪೂರ್ತಿ ಅಪರಿಚಿತವಾದ ಮಾತು ಅಷ್ಟು ಅಪಾಯಕಾರಿಯಲ್ಲ. ವಿದ್ಯಾರ್ಥಿ ಅಲ್ಲಿ ನಿಲ್ಲುತ್ತಾನೆ, ಕೇಳುತ್ತಾನೆ. ಪರಿಚಿತದಂತೆ ತೋರುವ ಮಾತು ಅವನನ್ನು ನಿಲ್ಲಗೊಡದೆ ಬೇರೆ ದಾರಿಗೆ ಕರೆದೊಯ್ಯುತ್ತದೆ. ಅವನು ದಾರಿ ತಪ್ಪಿದನೆಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಆ ದಿನ ನಾನು ಕರಿಹಲಗೆಯ ಮೇಲೆ ಪಾಲ್, ಪುಲಿ, ಪಂದಿ, ಪಗಲ್ ಎಂದು ನಾಲ್ಕು ಮಾತು ಬರೆದು, ಇವು ಏನಿರಬಹುದು ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ವರ್ಷಾರಂಭದಿಂದ ಬಾಯಿ ಬಿಟ್ಟವಳಲ್ಲ, ತಟ್ಟನೆ, “ನಮ್ಮನೇಲಿ ಹೀಗೇ ಅಂತಾರೆ ಸಾರ್” ಎಂದಳು. ಅವಳ ಮನೆಮಾತು ತೆಲುಗು. ಪಾಲು, ಪುಲಿ, ಪಂದಿ, ಪಗಲು ಎಲ್ಲವೂ ಅವಳ ಅಡುಗೆಮನೆಯಲ್ಲಿಯೂ ಹಿತ್ತಿಲಲ್ಲಿಯೂ ಇಂದಿಗೂ ನಡೆದಾಡುವ ಮಾತುಗಳು. ಹತ್ತನೆಯ ಶತಮಾನದ ಹೊತ್ತಿಗೆ ಕನ್ನಡ ಶಾಸನಗಳಲ್ಲಿ ತಲೆದೋರಿ ನಡುಗನ್ನಡದಲ್ಲಿ ನೆಲೆಯೂರಿದ ಪಕಾರ ಹಕಾರವಾಗುವ ಮಾರ್ಪಾಡು ತೆಲುಗಿನಲ್ಲಿ ಆಗಲಿಲ್ಲ. ಕನ್ನಡ ಸರಿಯಾಗಿ ಬಾರದವಳೆಂದು ತಾನೇ ನಾಚಿಕೊಂಡು ಕುಳಿತಿದ್ದ ಹುಡುಗಿ, ತರಗತಿಯಲ್ಲಿ ಪಂಪನಿಗೆ ಎಲ್ಲರಿಗಿಂತ ಹತ್ತಿರದ ನೆರೆಯವಳಾಗಿದ್ದಳು. ಆ ಗಂಟೆಯಲ್ಲಿ ಉಳಿದವರೂ ಹೂವಿಗೆ, ಹಾವಿಗೆ, ಹತ್ತಕ್ಕೆ ಹಳೆಯ ರೂಪಗಳನ್ನು ತಾವೇ ಕಟ್ಟಿದರು. ನನಗೆ ರೆಕ್ಕೆ ಮೂಡಿದಂತಾಯಿತು.

ಮುಂದಿನ ಗಂಟೆ ಇನ್ನೊಂದು ವಿಭಾಗದಲ್ಲಿ ಅದೇ ಪಾಠ. ಉಪಾಯ ಕೈಗೆ ಸಿಕ್ಕಿತೆಂಬ ಉತ್ಸಾಹದಲ್ಲಿ, ಅದೇ ನಾಲ್ಕು ಮಾತು ಬರೆದು, “ಯಾರ ಮನೆಯಲ್ಲಿ ತೆಲುಗು ಮಾತಾಡುತ್ತೀರಿ?” ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ನಮ್ಮ ಸೀಮೆಯಲ್ಲಿ ಅಷ್ಟು ಜನರ ನಡುವೆ ತೆಲುಗು ಮನೆಮಾತಿನವರು ಇಲ್ಲದಿರುವುದು ಅಸಂಭವ. ಆದರೆ ಕನ್ನಡದ ಮೇಷ್ಟರು ಕನ್ನಡದ ತರಗತಿಯಲ್ಲಿ ಹಾಗೆ ಕೇಳಿದರೆ ಅದು ಕಳ್ಳತನದ ತನಿಖೆಯಂತೆ ಕೇಳಿಸುತ್ತದೆ. ಹಿಂದಿನ ಗಂಟೆಯಲ್ಲಿ ಆ ಹುಡುಗಿ ತಾನಾಗಿ ನೀಡಿದ್ದನ್ನು ಇಲ್ಲಿ ನಾನು ಕೈಚಾಚಿ ಕೇಳಿದೆ, ಸಿಕ್ಕಲಿಲ್ಲ. ಅದೇ ಪಾಠ, ಅದೇ ಮೇಷ್ಟರು, ಅದೇ ಸೀಮೆಸುಣ್ಣ. ಒಂದು ಗಂಟೆ ಗೆದ್ದಿತು, ಇನ್ನೊಂದು ಬಿದ್ದಿತು. ಬ್ಯಾಂಕಿನಲ್ಲಿ ಇಂದು ಕೂಡಿದ ಲೆಕ್ಕ ನಾಳೆಯೂ ಅಷ್ಟೇ ಬರುತ್ತದೆ. ನಮ್ಮಲ್ಲಿ ಕೂಡುವ ಸಂಖ್ಯೆಗಳಿಗೆ ಮುಖವಿದೆ, ಮಾನವಿದೆ, ಹಸಿವೆಯಿದೆ.

ಇದಾದರೂ ನಗುತ್ತ ಹೇಳಿಕೊಳ್ಳಬಹುದಾದ ಸೋಲು. ನಗಲಾರದ ಸೋಲೊಂದನ್ನೂ ಹೇಳಬೇಕು.

ಹನ್ನೆರಡು ವರ್ಷಗಳ ಹಿಂದಿನ ಮಾತು. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಕರ್ಣನನ್ನು ನೆನೆಯುವ ಪದ್ಯವನ್ನು ಪಾಠ ಮಾಡಿದ್ದೆ. ಅಲ್ಲಿ ಬರುವ ‘ಕರ್ಣರಸಾಯನ’ ಎಂಬ ಸಮಾಸಕ್ಕೆ ಕಿವಿಗೆ ಹಿತವಾದದ್ದು ಎಂದು ಅರ್ಥ ಹೇಳಿ, “ತಿಳಿಯಿತೇ?” ಎಂದು ಕೇಳಿದೆ. “ತಿಳಿಯಿತು ಸಾರ್” ಎಂದು ತರಗತಿ ಒಂದೇ ಕೊರಳಿನಿಂದ ಹೇಳಿತು. ಆಂತರಿಕ ಪರೀಕ್ಷೆಯಲ್ಲಿ ಅದನ್ನೇ ಕೇಳಿದ್ದೆ. ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಿದ್ದಳು: ರಾಮನವಮಿಗೆ ಬಾಳೆಯ ಹಣ್ಣು, ಬೆಲ್ಲ, ಕಾಯಿಹಾಲು ಸೇರಿಸಿ ರಸಾಯನ ಮಾಡುತ್ತಾರೆ, ಹಣ್ಣಿಲ್ಲದಿದ್ದರೆ ರಸಾಯನವಿಲ್ಲ, ಹಾಗೆಯೇ ಕರ್ಣನಿಲ್ಲದಿದ್ದರೆ ಭಾರತಕ್ಕೆ ರುಚಿಯಿಲ್ಲ. ನಾನು ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. ಹೆಸರು ಹೇಳದೆ ಆ ಉತ್ತರವನ್ನು ತರಗತಿಯಲ್ಲಿ ಓದಿ ಎಲ್ಲರನ್ನೂ ನಗಿಸಿದೆ. ಹೆಸರು ಹೇಳುವ ಅಗತ್ಯವಿರಲಿಲ್ಲ. ನಗದೆ ಇದ್ದವಳು ಒಬ್ಬಳೇ.

ಒಂದು ವಾರ ಕಳೆದ ಮೇಲೆ, ಬೇರೇನೋ ಓದುತ್ತಿದ್ದಾಗ, ಬೆನ್ನಿಗೆ ಯಾರೋ ಗುದ್ದಿದಂತಾಯಿತು. ಆ ಪದ್ಯದ ಸೊಗಸೆಲ್ಲ ಇರುವುದು ಶ್ಲೇಷೆಯಲ್ಲಿ. ಕರ್ಣ ಎಂದರೆ ಕಿವಿಯೂ ಹೌದು, ಸೂರ್ಯನ ಮಗನಾದ ವೀರನೂ ಹೌದು. ಭಾರತ ರಸಾಯನವಾದದ್ದು ಅವನಿಂದ ಎಂಬುದೇ ಕವಿಯ ಇಂಗಿತ. ಆ ಹುಡುಗಿ ಕಿವಿಯ ಅರ್ಥವನ್ನು ಬಿಟ್ಟಿದ್ದಳು, ನಿಜ; ಆದರೆ ನಾನು ತರಗತಿಯಲ್ಲಿ ಹೇಳದೆ ಬಿಟ್ಟಿದ್ದ ಅರ್ಥವನ್ನು ಅವಳು ತನ್ನ ಅಜ್ಜಿಯ ಅಡುಗೆಮನೆಯ ದಾರಿಯಿಂದ ಹೋಗಿ ಮುಟ್ಟಿದ್ದಳು. ಈ ಶ್ಲೇಷೆ ನನಗೆ ಗೊತ್ತಿರಲಿಲ್ಲವೇ? ಎಂ.ಎ. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆದವನು ನಾನು. ಗೊತ್ತಿದ್ದದ್ದು ಬಾಳೆಯ ಹಣ್ಣಿನ ವೇಷದಲ್ಲಿ ಬಂದಾಗ ಗುರುತು ಹಿಡಿಯಲಾರದೆ ಹೋದೆ. ಮುಂದೆ ಅರವತ್ತು ಉತ್ತರಪತ್ರಿಕೆಗಳ ಕಟ್ಟಿತ್ತು, ಕೈಯಲ್ಲಿ ಕೆಂಪು ಲೇಖನಿಯಿತ್ತು.

ಅವಳನ್ನು ಕರೆದು, ತಪ್ಪು ನನ್ನದೆಂದು ಹೇಳಿ, ಅಂಕ ತಿದ್ದಿಕೊಟ್ಟೆ. “ಪರವಾಗಿಲ್ಲ ಸಾರ್” ಎಂದಳು. ಮುಂದಿನ ಪರೀಕ್ಷೆಯಲ್ಲಿ ಅವಳ ಉತ್ತರಗಳೆಲ್ಲ ಅಂಗಡಿಯಲ್ಲಿ ಮಾರುವ ಗೈಡಿನಿಂದ ಅಕ್ಷರಕ್ಷರ ಇಳಿಸಿದ್ದವು. ಅಂಕ ಎಂಬತ್ತನ್ನು ದಾಟಿತು. ಫಲಿತಾಂಶದ ಪಟ್ಟಿಯಲ್ಲಿ ಅವಳು ನನ್ನ ಯಶಸ್ಸುಗಳಲ್ಲಿ ಒಬ್ಬಳು. ಅವಳು ಮತ್ತೆ ಎಂದೂ ರಸಾಯನದ ಬಗೆಯ ಒಂದು ಮಾತನ್ನೂ ಬರೆಯಲಿಲ್ಲವೆಂಬುದನ್ನು ಬರೆದಿಡಲು ಆ ಪಟ್ಟಿಯಲ್ಲಿ ಸ್ಥಳವಿಲ್ಲ.

ಆ ಹಿರಿಯರಿಗೆ ನಾನು ಹೇಳಬೇಕೆಂದಿದ್ದದ್ದು ಇದೇ. ವಿಷಯವನ್ನು ತಿಳಿಯುವುದು ಒಂದು ವಿದ್ಯೆ. ಆ ವಿಷಯ ಇನ್ನೊಬ್ಬನಿಗೆ ತಿಳಿಯದಿರುವ ಬಗೆಯನ್ನು ತಿಳಿಯುವುದು ಬೇರೊಂದು ವಿದ್ಯೆ. ಮೊದಲನೆಯದಕ್ಕೆ ಪುಸ್ತಕವುಂಟು, ಪದವಿಯುಂಟು. ಎರಡನೆಯದು ಎಂಬತ್ತು ತಲೆಗಳಲ್ಲಿ ಎಂಬತ್ತು ಬಗೆಯಾಗಿರುತ್ತದೆ. ಅದನ್ನು ನಿಂತಲ್ಲಿಯೇ, ಮಾತಾಡುತ್ತಲೇ, ಗಂಟೆ ಹೊಡೆಯುವುದರೊಳಗೆ ಊಹಿಸಬೇಕು. 1986ರಲ್ಲಿ ಲೀ ಶುಲ್ಮನ್ ಎಂಬ ವಿದ್ವಾಂಸ ಇದನ್ನು ವಿಷಯಜ್ಞಾನಕ್ಕಿಂತ ಭಿನ್ನವಾದ, ಬೋಧಿಸುವವನಿಗೇ ವಿಶೇಷವಾದ ಜ್ಞಾನವೆಂದು ಹೆಸರಿಟ್ಟು ವಿವರಿಸಿದ. ಹೆಸರು ಹೊಸದಾಗಿರಬಹುದು, ಅನುಭವ ನಮ್ಮ ಕೂಲಿಮಠದ ಐಗಳಷ್ಟು ಹಳೆಯದು.

ಒಳ್ಳೆಯ ಉಪನ್ಯಾಸಗಳನ್ನು ಮುದ್ರಿಸಿಟ್ಟು ಎಲ್ಲ ಕಾಲೇಜುಗಳಲ್ಲೂ ತೋರಿಸಿದರೆ ಸಾಲದೇ, ಎಂಬ ಮಾತು ಈಗ ಕೇಳಿಬರುತ್ತದೆ. ಅಂಥ ಉಪನ್ಯಾಸಗಳಿಂದ ನಾನೇ ಬಹಳ ಕಲಿತಿದ್ದೇನೆ; ಅವು ಬೇಡವೆನ್ನುವವನಲ್ಲ. ಆದರೆ 2020ರಲ್ಲಿ ಕೋವಿಡ್‌ನಿಂದ ಕಾಲೇಜುಗಳು ಮುಚ್ಚಿದಾಗ ಮನೆಯಲ್ಲಿ ಕುಳಿತು ಮೊಬೈಲಿನ ಮುಂದೆ ಪಾಠ ಹೇಳಿದೆವಷ್ಟೆ? ಮುಖಗಳಿದ್ದ ಕಡೆ ಕಪ್ಪು ಚೌಕಗಳಿದ್ದವು. ನಾನು ಆಡಿದ ಮಾತಿನಲ್ಲಿ ಕೊರತೆಯಿರಲಿಲ್ಲ. ತರಗತಿಯಲ್ಲಿ ಹೇಳುವುದಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿಯೇ ಹೇಳಿದೆ. ಹುಬ್ಬು ಗಂಟಿಕ್ಕುವುದು, ಪಕ್ಕದವನ ಪುಸ್ತಕಕ್ಕೆ ಇಣುಕುವುದು, ಬರೆಯುತ್ತಿದ್ದ ಕೈ ನಿಲ್ಲುವುದು, ಇವುಗಳನ್ನು ಓದಿಕೊಂಡು ನಾನು ಪಾಠವನ್ನು ತಿರುಗಿಸುತ್ತಿದ್ದೆನೆಂಬುದು ಅವು ಇಲ್ಲವಾದಾಗ ತಿಳಿಯಿತು.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳನ್ನು ಸೂಚಿಸಲು ನಾನು ಅಧಿಕಾರಿಯಲ್ಲ. ಎರಡು ಸಣ್ಣ ಮಾತುಗಳನ್ನು ಹೇಳಬಲ್ಲೆ. ಭಾಷೆಯ ತರಗತಿಗೆ ಎಲ್ಲ ವಿಭಾಗದವರನ್ನೂ ಸೇರಿಸಿ ತುಂಬುವ ಪದ್ಧತಿ ಹೋಗಬೇಕು. ನಲವತ್ತು ಮುಖಗಳನ್ನು ಓದಬಹುದು, ಎಂಬತ್ತನ್ನು ಎಣಿಸಬಹುದು ಅಷ್ಟೆ. ಎರಡನೆಯದಾಗಿ, ಕಾಲೇಜು ಸೇರಿದ ಹೊಸಬರು ಹಿರಿಯರ ತರಗತಿಯಲ್ಲಿ, ಹಿರಿಯರು ಹೊಸಬರ ತರಗತಿಯಲ್ಲಿ ಕುಳಿತು ನೋಡುವ ರೂಢಿ ಬರಬೇಕು. ತಪ್ಪು ಹುಡುಕಲು ಬೇಡ. ವಿದ್ಯಾರ್ಥಿಗಳ ತಪ್ಪು ಉತ್ತರಗಳನ್ನು ಮುಂದಿಟ್ಟುಕೊಂಡು, ಈ ಹುಡುಗ ಇಲ್ಲಿಗೆ ಯಾವ ದಾರಿಯಿಂದ ಬಂದ ಎಂದು ಕೂಡಿ ಯೋಚಿಸಲು. ಇಪ್ಪತ್ತು ವರ್ಷದ ಸೇವೆಯಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಸಹೋದ್ಯೋಗಿಯೊಬ್ಬರು ಕುಳಿತದ್ದು ಒಮ್ಮೆಯೂ ಇಲ್ಲ; ನಾನಾಗಿ ಯಾರನ್ನೂ ಕರೆದವನೂ ಅಲ್ಲ.

ಮೂರನೆಯದು ನನಗೆ ನಾನೇ ಹೇಳಿಕೊಳ್ಳುವ ಮಾತು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗಿ, ಸುಮ್ಮನಿರುವವರೂ ಮಾತಾಡುತ್ತಾರೆಂದೂ 1970ರ ದಶಕದಲ್ಲಿ ತೋರಿಸಿದಳು. ನಾನು ಗಡಿಯಾರ ನೋಡಿಕೊಂಡು ಪ್ರಯತ್ನಿಸಿದ್ದೇನೆ. ಎಂಬತ್ತು ಜನರ ಎದುರಿನ ಮೂರು ಸೆಕೆಂಡಿನ ಮೌನ ಎಷ್ಟು ಉದ್ದವೆಂಬುದನ್ನು ನಿಂತು ನೋಡಿದವರೇ ಬಲ್ಲರು.

ನಾಳೆ ಸೋಮವಾರ, ಎರಡನೆಯ ಗಂಟೆಗೆ ಮತ್ತೆ ಅದೇ ಕರ್ಣನ ಪದ್ಯವಿದೆ. “ತಿಳಿಯಿತೇ?” ಎಂದು ಈಗ ನಾನು ಕೇಳುವುದಿಲ್ಲ. “ನಿಮಗೆ ಏನು ತೋರುತ್ತದೆ?” ಎಂದು ಕೇಳಿ, ಸೀಮೆಸುಣ್ಣವನ್ನು ಕೆಳಗಿಟ್ಟು, ಕಾಯುತ್ತೇನೆ. ಯಾರಾದರೂ ಬಾಳೆಯ ಹಣ್ಣಿನ ಮಾತೆತ್ತಿದರೆ, ಈ ಸಲ ಅದನ್ನು ಪೂರ್ತಿಯಾಗಿ ಕೇಳಬೇಕೆಂದಿದ್ದೇನೆ.