ಔಷಧ ಸುರಕ್ಷತೆ ಮತ್ತು ಎಣಿಕೆಯ ವಿವೇಕ

ಹೊಸ ಔಷಧವೊಂದು ಮಾರುಕಟ್ಟೆಗೆ ಬಂದಿತೆಂದರೆ ಅದರ ಗುಣದೋಷಗಳೆಲ್ಲ ತಿಳಿದುಹೋಗಿವೆ ಎಂಬ ನಂಬಿಕೆ ಸಾಮಾನ್ಯ. ಆದರೆ ಅನುಮತಿಗೆ ಮುನ್ನ ನಡೆಯುವ ಪ್ರಯೋಗಗಳಲ್ಲಿ ಪಾಲುಗೊಳ್ಳುವವರು ಬಹುತೇಕ ಕೆಲವು ಸಾವಿರ ಜನ ಮಾತ್ರ. ಗರ್ಭಿಣಿಯರು, ವಯೋವೃದ್ಧರು ಬಹುಮಟ್ಟಿಗೆ ಹೊರಗುಳಿಯುತ್ತಾರೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಗುಳಿಗೆಯನ್ನು 1961ರಲ್ಲಿ ಹಿಂತೆಗೆದುಕೊಳ್ಳುವ ವೇಳೆಗೆ ಸಾವಿರಾರು ಶಿಶುಗಳು ಅಂಗವೈಕಲ್ಯಕ್ಕೆ ಗುರಿಯಾಗಿದ್ದವು. ಈ ದುರಂತದ ತರುವಾಯ, 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಔಷಧಗಳ ಮೇಲೆ ಅಂತರರಾಷ್ಟ್ರೀಯ ನಿಗಾ ವ್ಯವಸ್ಥೆಯನ್ನು ಆರಂಭಿಸಿತು.

ಈ ನಿಗಾ ಬಹುಪಾಲು ನಡೆಯುವುದು ವೈದ್ಯರು ತಾವಾಗಿ ಕಳುಹಿಸುವ ವರದಿಗಳಿಂದ. ಇದಕ್ಕೆ ಖರ್ಚು ಕಡಿಮೆ. ಬಡ ರಾಷ್ಟ್ರಗಳಿಗೂ ಸಾಧ್ಯ. ಆದರೆ ಇದರಲ್ಲಿ ಅಂಶವಿದೆ, ಛೇದವಿಲ್ಲ. ಹತ್ತು ಮಂದಿಗೆ ತೊಂದರೆಯಾಯಿತೆಂದು ತಿಳಿಯುತ್ತದೆ. ಅದು ಸಾವಿರ ಜನರಲ್ಲಿಯೋ ಹತ್ತು ಲಕ್ಷ ಜನರಲ್ಲಿಯೋ ಎಂಬುದು ತಿಳಿಯದು. ಮೇಲಾಗಿ ದೊಡ್ಡ ಆಸ್ಪತ್ರೆಗಳ ವರದಿ ಬರುತ್ತದೆ, ಹಳ್ಳಿಯ ನೋವು ದಾಖಲಾಗದೆ ಉಳಿಯುತ್ತದೆ.

ಈ ಕೊರತೆಯನ್ನು ನೀಗಲು ನ್ಯೂಜಿಲೆಂಡಿನಲ್ಲಿ 1977ರಲ್ಲಿ ಆರಂಭವಾದ ಕ್ರಮವೇ ಮಾದರಿಯಾಯಿತು. ಔಷಧ ಪಡೆದ ಒಂದು ದೊಡ್ಡ ಗುಂಪನ್ನು ಮೊದಲೇ ನೋಂದಾಯಿಸಿ, ಅವರಿಗೆ ಮುಂದೆ ಏನೇನಾಯಿತೆಂದು ವಿಚಾರಿಸುವುದು ಇದರ ತಿರುಳು. ಔಷಧದಿಂದಲೇ ಆಯಿತೇ ಎಂಬ ತೀರ್ಮಾನ ಆಮೇಲಿನದು. ನೈಜೀರಿಯಾದಲ್ಲಿ ಮಲೇರಿಯಾದ ಆರ್ಟಿಮಿಸಿನಿನ್ ಸಂಯುಕ್ತ ಔಷಧಗಳಿಗೆ ಇದೇ ಕ್ರಮವನ್ನು ಅನುಸರಿಸಿ, ದೇಶದ ಬೇರೆ ಬೇರೆ ವಲಯಗಳ ಆರೋಗ್ಯ ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ರೋಗಿಗಳನ್ನು ನೋಂದಾಯಿಸಲಾಯಿತು.

ಹತ್ತು ಸಾವಿರವೇ ಏಕೆ? ಮೂರು ಸಾವಿರಕ್ಕೊಬ್ಬರಿಗೆ ಬರುವ ತೊಂದರೆಯು ಒಮ್ಮೆಯಾದರೂ ಕಣ್ಣಿಗೆ ಬೀಳುವ ಸಂಭವ ನೂರಕ್ಕೆ 95ರಷ್ಟು ಇರಬೇಕಾದರೆ ಅದರ ಮೂರು ಪಟ್ಟು, ಎಂದರೆ ಸುಮಾರು 9,000 ಜನರನ್ನು ಗಮನಿಸಬೇಕೆಂದು ಗಣಿತ ಹೇಳುತ್ತದೆ. ಸಂಖ್ಯೆಯೊಂದೇ ಸಾಲದು, ಆಯ್ಕೆಯೂ ನಿಷ್ಪಕ್ಷಪಾತವಾಗಿರಬೇಕು. ಅನುಕೂಲದವರನ್ನು ಮಾತ್ರ ಆರಿಸದೆ, ಬಂದವರನ್ನೆಲ್ಲ ಸರದಿಯಂತೆ ಬರೆದುಕೊಳ್ಳಬೇಕು. ಮರಳಿ ಬಾರದವರನ್ನು ಹುಡುಕಿಕೊಂಡು ಹೋಗಬೇಕು. ಗುಣವಾಗಿ ಬಾರದಿರುವವರೂ ಉಂಟು. ಔಷಧದಿಂದಲೇ ನೊಂದು, ಮತ್ತೆ ಬರಲಾಗದವರೂ ಉಂಟು. ಅವರನ್ನು ಕೈಬಿಟ್ಟ ಲೆಕ್ಕದಲ್ಲಿ ಕೆಟ್ಟ ಔಷಧವೂ ಒಳ್ಳೆಯದಾಗಿ ಕಂಡೀತು.

ನಮ್ಮ ದೇಶದಲ್ಲಿ ಔಷಧ ನಿಗಾ ಕಾರ್ಯಕ್ರಮವು 2010ರಲ್ಲಿ ಪ್ರಾರಂಭವಾಯಿತು. 2011ರಿಂದ ಗಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗವು ಅದನ್ನು ನಡೆಸುತ್ತಿದೆ. ಇಲ್ಲಿ ರೋಗಿಯಾಗಲಿ ಮನೆಯವರಾಗಲಿ ನೇರವಾಗಿ ವರದಿ ಮಾಡಬಹುದು. 1800-180-3024 ಎಂಬುದು ಇದರ ಶುಲ್ಕರಹಿತ ದೂರವಾಣಿ ಸಂಖ್ಯೆ; ಕನ್ನಡದಲ್ಲಿಯೂ ವರದಿ ನಮೂನೆಯಿದೆ.

ಗೃಹಸ್ಥರು ಮಾಡಬೇಕಾದುದು ಇಷ್ಟೇ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಆರಂಭಿಸಿದ ದಿನ, ತೊಂದರೆ ಕಾಣಿಸಿದ ದಿನ ಇವನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು. ನಿತ್ಯದ ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ಮೈಯೆಲ್ಲ ಗುಳ್ಳೆಯೆದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿರಿಯರು 'ಉಷ್ಣವಾಗಿರಬೇಕು' ಎಂದು ಸಹಿಸಿಕೊಂಡ ನೋವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದನ್ನು ಹೇಳಿದರೆ, ನಾಳೆ ಅದೇ ಗುಳಿಗೆಯನ್ನು ನುಂಗಲಿರುವ ಅಪರಿಚಿತನೊಬ್ಬನ ಪ್ರಾಣ ಉಳಿದೀತು.